ಹಗೇವಿನಿಂದ ಬಂದ ಕೂಸು

ಬಿಳಿಚೋಡಿನ ಮಾರಪ್ಪನಿಗೆ ಎರಡನೆಯ ಹೆಂಡತಿಯಾಗಿ ಮೂಕಮ್ಮ ಬಂದಾಗ ಯುದ್ಧದ ಕಾಲ. ಸರ್ಕಾರದವರು ಲೆವಿ ಎಂದು ಮನೆಮನೆಯ ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಮೊದಲ ಹೆಂಡತಿ ಬಿಟ್ಟುಹೋದ ಮಗಳು ಸಾವಂತ್ರಿಗೆ ಆರು ವರ್ಷ. ಮೂಕಮ್ಮನಿಗೆ ಆ ಮನೆ ಒಗ್ಗಿರಲಿಲ್ಲ. ತವರಿಗೆ ಹೋಗಿಬಿಡೋಣ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಮಾರಪ್ಪ ಅಂಗಳದ ಹಗೇವು ತೆಗೆದು, ತಳದ ಜೋಳ ಗೋರಲು ಮಗಳನ್ನು ಹಗ್ಗ ಕಟ್ಟಿ ಆ ನೆಲಗುಂಡಿಗೆ ಇಳಿಸಿದ್ದ. ಅಷ್ಟರಲ್ಲಿ ಲೆವಿ ಅಳೆಸುವ ಶೇಕದಾರರು ಓಣಿಗೆ ಬಂದರೆಂದು ಸುದ್ದಿ. ಮಾರಪ್ಪ ಹಗ್ಗವನ್ನು ಒಳಗೇ ಎಸೆದು, ಚಪ್ಪಡಿ ಎಳೆದು, ಮೇಲೆ ಕಟ್ಟಿಗೆ ಒಟ್ಟಿದ.

"ಕೂಸು ಒಳಗೈತಲ್ರೀ," ಅಂದಳು ಮೂಕಮ್ಮ.

"ಸುಮ್ಕಿರು. ಅವರು ಹೋಗ್ಲಿ, ತೆಗೀತೀನಿ."

ಶೇಕದಾರರು ಜಗಲಿಯಲ್ಲಿ ಕೂತು ನೀರು ಕೇಳಿದರು. ನೆಲದಡಿಯಿಂದ ಸಣ್ಣಗೆ ಬರುತ್ತಿದ್ದ ಅಳು ನಿಂತುಹೋಯಿತು. ಹಗೇವಿನ ಕೆಟ್ಟ ಗಾಳಿ ಗಟ್ಟಿ ಆಳುಗಳನ್ನೇ ನುಂಗಿದ್ದನ್ನು ಮೂಕಮ್ಮ ಕೇಳಿದ್ದಳು. ಚೆಂಬು ಕೆಳಗಿಟ್ಟಳು.

"ಸ್ವಾಮೀ, ಅಲ್ಲಿ ಕೆಳಗೆ ನಮ್ಮ ಕೂಸೈತೆ. ಕಲ್ಲು ಸರಿಸಾಕೆ ಕೈ ಹಚ್ಚಿರಿ."

ಸಾವಂತ್ರಿ ಬದುಕಿತು. ಜೋಳ ಹೋಯಿತು. ಮಾರಪ್ಪ ಹೆಂಡತಿಯ ಜತೆ ಮಾತು ಬಿಟ್ಟ. ಓಣಿಯವರು ಮನೆಮುರುಕಿ ಅಂದರು. ಸುದ್ದಿ ಕೇಳಿ ತವರಿನಿಂದ ಬಂದ ಅವಳ ಅಣ್ಣನೂ, "ನಮ್ಮ ಕಡೆ ಮುಖ ಮಾಡಬ್ಯಾಡ," ಅಂದು ಹೋದ.

ಹುಡುಗಿಯೋ, ಮಾತು ಕಳೆದುಕೊಂಡು ಮೂಕಮ್ಮನ ಸೆರಗು ಹಿಡಿದದ್ದು ಬಿಡಲಿಲ್ಲ. ನೀರಿಗೆ ಹೋದರೂ ಹಿಂದೆ, ಒಲೆ ಮುಂದೆ ಕೂತರೂ ಪಕ್ಕ. ಮಾತಾಡದ ಗಂಡ, ಬಿಡದ ಕೂಸು, ಇವರ ನಡುವೆ ಮೂಕಮ್ಮನಿಗೆ ಉಸಿರು ಕಟ್ಟುತ್ತಿತ್ತು. ಒಂದು ದಿನ ರೋಸಿ ಸೆರಗು ಕಿತ್ತುಕೊಂಡಳು. ಸಾವಂತ್ರಿ ಅಳಲಿಲ್ಲ, ಗೋಡೆಗೊರಗಿ ಕಲ್ಲಾಗಿ ಕೂತಿತು. ಮೂಕಮ್ಮ ತಿರುಗಿ ಬಂದು ಅದನ್ನು ಮಡಿಲಿಗೆ ಎಳೆದುಕೊಂಡಳು.

ಅಲ್ಲಿಂದ ಮುಂದೆ ಹೇಳದೆ ಎಲ್ಲಿಗೂ ಹೋಗಲಿಲ್ಲ. "ಹಿತ್ತಲಿಗೆ ಹೋಗಿ ಬರ್ತೀನಿ," ಅನ್ನುವಳು, ಬರುವಳು. "ಬಾವಿಗೆ ಹೋಗಿ ಬರ್ತೀನಿ," ಅನ್ನುವಳು, ಬರುವಳು. ರಾತ್ರಿ ಕೂಸು ಚೀರಿದರೆ ಎಷ್ಟು ಸಲವಾದರೂ ಎದ್ದು ಬೆನ್ನು ನೇವರಿಸುವಳು. ಹಿಡಿತ ಸಡಿಲವಾಗುತ್ತಾ ಬಂತು. ಒಂದೊಂದೇ ಮಾತೂ ಬಂತು.

ಮರುವರ್ಷ ಸುಗ್ಗಿಯಲ್ಲಿ ಸಾವಂತ್ರಿ ಹೊಸ್ತಿಲ ಮೇಲೆ ನಿಂತು ಕೇಳಿತು: "ಚಿಕ್ಕವ್ವ, ಪಕ್ಕದ್ಮನೆ ಅಜ್ಜಮ್ಮಾರ ಕಣದಾಗೆ ಆಡಾಕೆ ಹೋಗ್ಲಾ? ನೀ ಇಲ್ಲೇ ಇರ್ತೀಯಲ್ಲ?"

ಜಗಲಿಯಲ್ಲಿ ಕೂತು ಜೋಳ ಕೇರುತ್ತಿದ್ದ ಮೂಕಮ್ಮ ಮೊರ ಪಕ್ಕಕ್ಕಿಟ್ಟಳು. "ಇರ್ತೀನಿ. ಹೋಗು."

ಹುಡುಗಿ ಹಿಂದೆ ತಿರುಗದೆ ಓಡಿತು. ಒಳಗೆ ಮಾರಪ್ಪ ಉಣ್ಣಲು ಕೂತು, ಮಾತಿಲ್ಲದೆ ಗಂಗಾಳ ಮುಂದೆ ತಳ್ಳಿದ ಸದ್ದಾಯಿತು. ಮೂಕಮ್ಮ ಮುದ್ದೆ ಬಡಿಸಲು ಎದ್ದಳು.