ಸಹಿಯಿಲ್ಲದ ಜರ್ನಲ್‌ಗಳು

೧೯೮೪ರ ಜನವರಿಯಲ್ಲಿ ಶಿಗ್ಗಾಂವಿಯ ಕಾಲೇಜಿಗೆ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುವುದೆಂದು ಗೊತ್ತಾದಾಗ, ಇಂದಿರಾಬಾಯಿ ಅಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ಕಾಯಂ ನೌಕರರ ಸಂಬಳ ಸರ್ಕಾರದಿಂದ ನೇರವಾಗಿ ಬರುತ್ತಿತ್ತು. ಕಾಯಂ ಆಗದ ಅವಳ ಕೆಲಸ ಮಾತ್ರ ಆಡಳಿತ ಮಂಡಳಿಯ ಅಧ್ಯಕ್ಷ ಕುಬೇರಪ್ಪನವರ ಮರ್ಜಿಯಲ್ಲಿತ್ತು.

ತಪಾಸಣೆಯ ಹಿಂದಿನ ದಿನ ಟೆಂಪೊ ಒಂದು ಬಂದು ಬೇರೆ ಕಾಲೇಜಿನಿಂದ ಎರವಲು ತಂದ ತಕ್ಕಡಿ, ಗಾಜಿನ ಸಾಮಾನು ಇಳಿಸಿ ಹೋಯಿತು. ಪ್ರಾಚಾರ್ಯ ವಾದಿರಾಜರು ವಿದ್ಯಾರ್ಥಿಗಳು ಪ್ರಯೋಗ ಬರೆದಿಡುವ ಮೂವತ್ತೊಂದು ಜರ್ನಲ್‌ಗಳನ್ನು ತಂದು ಅವಳ ಮೇಜಿನ ಮೇಲಿಟ್ಟರು. ಪ್ರತಿಯೊಂದರಲ್ಲೂ ಇಪ್ಪತ್ತು ಪ್ರಯೋಗಗಳಿದ್ದವು. ವಿದ್ಯಾರ್ಥಿಗಳು ನಿಜವಾಗಿ ಮಾಡಿದ್ದು ಆರು. ಉಳಿದದ್ದೆಲ್ಲ ಹಳೆಯ ಜರ್ನಲ್‌ನ ನಕಲು.

"ಸಹಿ ಮಾಡಿಬಿಡ್ರಿ."

"ಮಾಡದ ಪ್ರಯೋಗಕ್ಕ ಹೆಂಗ ಮಾಡ್ಲಿ, ಸರ್?"

"ಮಾನ್ಯತಾ ಹೋದ್ರ ಸೈನ್ಸ್ ಮುಚ್ಚತದ. ಸವಣೂರಿಂದ ಬರೋ ಆ ನಸೀರಾನ್ನ ಧಾರವಾಡಕ್ಕ ಕಳಸ್ತಾರಂತ ತಿಳದೀರೇನು?"

ಆ ಮಾತು ನಾಟಿತು. ಇಂದಿರಾಬಾಯಿ ನಾಲ್ಕು ಜರ್ನಲ್‌ಗಳಿಗೆ ಸಹಿ ಹಾಕಿದಳು. ಐದನೆಯದು ನಸೀರಾಳದು. ಪೆನ್ನು ಅಲ್ಲೇ ನಿಂತಿತು. ಉಳಿದ ಇಪ್ಪತ್ತೇಳಕ್ಕೆ ಸಹಿ ಬೀಳಲಿಲ್ಲ.

ಮರುದಿನ ಸಮಿತಿಯ ಹಿರಿಯ ಸದಸ್ಯರು ಜರ್ನಲ್‌ಗಳ ರಾಶಿಯಿಂದ ಒಂದನ್ನು ಎಳೆದರು. ಸಹಿ ಇರಲಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಕುಬೇರಪ್ಪನವರು ಅವಳ ಹಿಂದೆಯೇ ನಿಂತಿದ್ದರು. ಅವರ ಉಸಿರು ಕೇಳಿಸುತ್ತಿತ್ತು.

"ಎಷ್ಟು ಪ್ರಯೋಗ ಮಾಡಿಸೀರಿ?" ಹಿರಿಯ ಸದಸ್ಯರು ಅವಳನ್ನು ಕೇಳಿದರು.

ವಾದಿರಾಜರು ಕಿಟಕಿಯ ಕಡೆ ತಿರುಗಿದರು.

"ಆರು, ಸರ್. ಇದ್ದದ್ದು ಎರಡ ಬ್ಯುರೆಟ್. ಆದ್ರೂ ನಾಲ್ಕು ಜರ್ನಲ್‌ಗೆ ನಾನೂ ಸುಳ್ಳು ಸಹಿ ಮಾಡೇನಿ."

ಸಮಿತಿ ಹೋದ ಮೇಲೆ ಕುಬೇರಪ್ಪನವರು ಬೈಯುತ್ತಾರೆಂದುಕೊಂಡಿದ್ದಳು. ಅವರು ಕುರ್ಚಿಯಲ್ಲಿ ಕುಸಿದು ಕೂತರು.

"ನನ್ನ ಕಾಳಿನ ಗೋದಾಮ ಖಾಲಿ ಮಾಡಿ ಇಲ್ಲಿ ಕ್ಲಾಸ್ ಹಚ್ಚೇನಿ. ಆವಾಗ ಯುನಿವರ್ಸಿಟಿಯವ್ರು ಎಲ್ಲಿದ್ರು? ಈಗ ಬಂದು ನನ್ನ ಜವಾಬ ಕೇಳಾಕತ್ತಾರ. ಹಾದಿ ನೀವ ಮಾಡಿಕೊಟ್ರಿ."

ಎರಡು ವಾರಕ್ಕೆ ವಿಶ್ವವಿದ್ಯಾಲಯದ ಆದೇಶ ಬಂತು. ಒಂದು ವರ್ಷ ವಿಜ್ಞಾನಕ್ಕೆ ಹೊಸ ಪ್ರವೇಶವಿಲ್ಲ. ಆಡಳಿತ ಮಂಡಳಿಯಲ್ಲಿ ಇನ್ನು ಮುಂದೆ ಶಿಕ್ಷಕರ ಪ್ರತಿನಿಧಿಯೊಬ್ಬರು ಕೂರಬೇಕು. ಈಗಿನ ಮೂವತ್ತೊಂದು ಮಂದಿ ಹಾವೇರಿಯ ಕಾಲೇಜಿನಲ್ಲಿ ಉಳಿದ ಪ್ರಯೋಗ ಮುಗಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅದೇ ದಿನ ಮಂಡಳಿಯ ಪತ್ರವೂ ಬಂತು: ಇಂದಿರಾಬಾಯಿಯ ಸೇವೆ ಇನ್ನು ಬೇಕಾಗಿಲ್ಲ.

ಅವಳು ಮರುದಿನವೇ ಸವಣೂರಿಗೆ ಹೋದಳು. ನಸೀರಾಳ ತಂದೆ ಮಹಮ್ಮದಗೌಸ ಅಂಗಡಿಯಲ್ಲಿ ವೀಳ್ಯದೆಲೆಗೆ ನೀರು ಚಿಮುಕಿಸಿ ಕಟ್ಟು ಕಟ್ಟುತ್ತಿದ್ದ.

"ಶಿಗ್ಗಾಂವಿ ತನಕಾ ಅಂತ ಮಾತಾಗಿತ್ರಿ, ಬಾಯಾರ. ಹಾವೇರಿಗೆ ಯಾರ ಜೋಡಿ ಹೋಗ್ತಾಳ?"

"ನನ್ನ ಜೋಡಿ."

"ನಿಮ್ಮ ನೌಕರಿ ಹೋತಂತಲ್ರಿ."

"ಹೋಗ್ಯದ. ಆದ್ರೂ ಬರ್ತೇನಿ."

ಅವನು ಕೈಯಲ್ಲಿದ್ದ ಕಟ್ಟು ಕೆಳಗಿಟ್ಟ. "ನೀವು ಸುಮ್ನ ಸಹಿ ಮಾಡಿದ್ರ ನನ್ನ ಮಗಳು ಪಾಸಾಗ್ತಿದ್ಲು, ಹೌದಿಲ್ರಿ?"

"ಹೌದು. ಆಗ್ತಿದ್ಲು."

ಅವನು ಕಟ್ಟನ್ನು ಮತ್ತೆ ಕೈಗೆತ್ತಿಕೊಂಡು ದಾರ ಬಿಗಿದ. ಆಮೇಲೆ, "ಒಂದ ದಿನ ನೀವು ತಪ್ಪಿದ್ರ ಆಕಿನೂ ಹೋಗೂದಿಲ್ರಿ," ಎಂದ.

ಆರು ವಾರ ಅವಳು ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದ ದಿನ ಹಾವೇರಿಯ ಪ್ರಯೋಗಾಲಯದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದಳು. ನಸೀರಾ ಎರಡನೆಯ ದರ್ಜೆಯಲ್ಲಿ ಪಾಸಾದಳು. ಮುಂದಿನ ವರ್ಷ ಕಾಲೇಜಿಗೆ ಹೊಸ ತಕ್ಕಡಿಗಳು ಬಂದವು, ಹೊಸ ಶಿಕ್ಷಕರೂ ಬಂದರು. ಇಂದಿರಾಬಾಯಿಗೆ ತಿಳವಳ್ಳಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು.

ಆದರೆ ಮೂವತ್ತೊಂದರಲ್ಲಿ ಹಾವೇರಿಗೆ ಬಂದವರು ಹತ್ತೊಂಬತ್ತೇ. ಬಾರದೆ ಓದು ಬಿಟ್ಟವರಲ್ಲಿ ಒಬ್ಬಳಾದ ಹೊಳೆವ್ವ ಒಮ್ಮೆ ತಿಳವಳ್ಳಿಯ ಸಂತೆಯಲ್ಲಿ ಎದುರಾದಳು, ಕಂಕುಳಲ್ಲಿ ಕೂಸು.

"ಅರಾಮದೀರೇನ್ರಿ, ಬಾಯಾರ?"

"ಹೊಳೆವ್ವಾ, ಅವತ್ತ ನಾ..."

"ಅದನ್ನೇನ ತಗೀತೀರಿ ಬಿಡ್ರಿ," ಎಂದಳು ಹೊಳೆವ್ವ, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಇಂದಿರಾಬಾಯಿಗೆ.