ತಿಗಣೆ ಹೊಕ್ಕ ಕೌದಿ

ಗೋಡೆಗೆ ಗೋಡೆ ಅಂಟಿದ ಮನೆಗಳ ನಮ್ಮ ಗಿರಗಾಂವದ ಚಾಳಿನಲ್ಲಿ ಒಂದು ಮನೆಯ ಮಾತು ಪಕ್ಕದ ಮನೆಗೆ ಕೇಳಿಸದೆ ಇರುವುದು ಅಪರೂಪ. ಮುಕ್ತಾ ದಿಗಂಬರನ ಎರಡನೆಯ ಹೆಂಡತಿಯಾಗಿ ಬಂದಾಗಲಂತೂ ಎಲ್ಲರ ಕಿವಿಯೂ ಆ ಬಾಗಿಲಿನ ಕಡೆಗೇ ಇತ್ತು. ದಿಗಂಬರ ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಸಾಧು ಮನುಷ್ಯ. ಮೊದಲ ಹೆಂಡತಿ ಇಂದೂ ಕಾಮಾಲೆಯಿಂದ ತೀರಿಕೊಂಡಿದ್ದಳು. ಅವಳ ಮಗಳು ಕುಮುದ, ಏಳು ವರ್ಷದವಳು, ಮುಕ್ತಾಳನ್ನು ತಾಯಿಯಂತೆ ಆಯಿ ಎನ್ನದೆ, ಚಿಕ್ಕಮ್ಮನಂತೆ ಮಾವಶಿ ಎಂದು ಕರೆಯುತ್ತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಹುಡುಗಿಯ ತೋಳಿನ ತುಂಬ ಕೆಂಪು ಗುರುತುಗಳೆದ್ದವು. ನಲ್ಲಿಯ ಹತ್ತಿರ ಪಕ್ಕದ ಮನೆಯ ಗೋದಾಕಾಕು ಅವಳ ಕೈ ಹಿಡಿದು ನೋಡಿದಳು.

“ಯಾರು ಚಿವುಟಿದ್ರು ನಿನ್ನ, ಮಗಳ?”

ಕುಮುದ ಬಾಯಿ ಬಿಡಲಿಲ್ಲ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಮಲತಾಯಿ ಮಗುವನ್ನು ಚಿವುಟುತ್ತಾಳೆಂಬ ಮಾತು ಎಲ್ಲ ಮಾಳಿಗೆಗೂ ಹತ್ತಿ ಇಳಿದಿತ್ತು.

ಊಟಕ್ಕೆ ಕೂತ ದಿಗಂಬರ ಭಾಕರಿ ಮುರಿಯುತ್ತ ಕೂತುಬಿಟ್ಟ. “ಮುಕ್ತಾ, ಹುಡುಗಿ ಏನರೆ ತಂಟೆ ಮಾಡ್ತಾಳೇನು?”

“ಆಕೀನ್ನ ಚಿವುಟಿದೇನಂತ ಕೇಳ್ಲಿಕ್ಕತ್ತೀರೇನು?”

ಅವನು ತಲೆ ಎತ್ತಲಿಲ್ಲ. ಊರವರ ಮಾತಿಗಿಂತ ಆ ಬಗ್ಗಿದ ತಲೆ ಮುಕ್ತಾಳಿಗೆ ಹೆಚ್ಚು ನೋವು ಕೊಟ್ಟಿತು.

ಮರುದಿನ ಶಾಲೆಗೆ ರಜೆ. ಹುಡುಗಿಯ ತಲೆಗೆ ಎಣ್ಣೆ ಹಚ್ಚುವಾಗ ಮುಕ್ತಾ ಆ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನ ಗೀರು ಎಲ್ಲೂ ಇಲ್ಲ. ಒಂದರ ಹಿಂದೊಂದು ಸಾಲು ಹಿಡಿದ ದದ್ದುಗಳು, ಅವೂ ಬಟ್ಟೆ ಮುಚ್ಚದ ಕಡೆಯೇ. ಸೊಳ್ಳೆ ಹೀಗೆ ಸಾಲಾಗಿ ಕಚ್ಚುವುದಿಲ್ಲ. ದಂಪತಿ ಮಲಗುತ್ತಿದ್ದುದು ಬಾಗಿಲ ಬಳಿ ಚಾಪೆಯ ಮೇಲೆ. ಒಳಗಿನ ಮರದ ಮಂಚ ಕುಮುದಳೊಬ್ಬಳದು. ಮುಕ್ತಾ ನೆಟ್ಟಗೆ ಮಂಚದ ಬಳಿ ಹೋಗಿ ಹಾಸಿದ್ದ ಕೌದಿಯ ಅಂಚು ಮಗುಚಿದಳು. ಹೊಲಿಗೆಯುದ್ದಕ್ಕೂ ಮಸಿ ಚಿಮುಕಿಸಿದಂತೆ ಕಪ್ಪು ಚುಕ್ಕೆ, ನಡುವೆ ಕಂದುಬಣ್ಣದ ಚಪ್ಪಟೆ ಹುಳ. ಕಮಟು ವಾಸನೆ ಮೂಗಿಗೆ ಬಡಿಯಿತು.

“ಅದನ್ನ ಮುಟ್ಟಬ್ಯಾಡ!” ಕುಮುದ ಓಡಿ ಬಂದು ಕೌದಿಯ ಮೇಲೆ ಬಿದ್ದಳು. “ಅದು ನಮ್ಮ ಆಯೀದು!”

“ತಿಗಣಿ ಕಚ್ಚತಾವಂತ ನಿನಗ ಗೊತ್ತಿತ್ತೇನು?”

ಹುಡುಗಿ ಹೌದೆಂದು ತಲೆಯಾಡಿಸಿದಳು. “ಹೇಳಿದ್ರ ಸುಟ್ಟಬಿಡ್ತೀರಿ. ತಿಗಣಿ ಆಗ್ಯಾವಂತ ಗೋದಾಕಾಕು ತಮ್ಮ ಗಾದಿ ಸುಟ್ರಲ್ಲ.”

ಮಗು ಇಷ್ಟು ದಿನ ಕಚ್ಚಿಸಿಕೊಂಡು ಸುಮ್ಮನೆ ಮಲಗಿದ್ದು ಇದಕ್ಕಾಗಿ. ಮುಕ್ತಾಳಿಗೆ ತನ್ನ ಮೇಲಿನ ಅಪವಾದ ಮರೆತೇಹೋಯಿತು.

ಗಲಾಟೆ ಕೇಳಿ ಬಂದ ಗೋದಾಕಾಕು ಬಾಗಿಲಲ್ಲೇ ನಿಂತು ಬಾಯಿಗೆ ಸೆರಗಿಟ್ಟಳು. “ಅಯ್ಯ, ತಿಗಣಿ! ಸುಟ್ಟ ಹಾಕು ಮೊದಲ. ಇಡೀ ಚಾಳಿಗೆ ಹಬ್ಬತಾವ.”

“ಸುಡೂದಿಲ್ಲ ಕಾಕು. ನಿಮ್ಮ ದೊಡ್ಡ ಹಂಡೆ ಕೊಡ್ರಿ.”

ಗೋದಾಕಾಕು ಹುಡುಗಿಯ ತೋಳನ್ನೂ ಕೌದಿಯನ್ನೂ ನೋಡಿದಳು. ಮುಖ ಸಣ್ಣದಾಯಿತು. ಹಂಡೆ ತಂದವಳು ಮನೆಗೆ ಹೋಗಲಿಲ್ಲ, ಮಂಚವನ್ನು ತಾರಸಿಯ ಗಚ್ಚಿಗೆ ಎಳೆಸಿ, ಸಂದುಸಂದಿಗೂ ಕುದಿಯುವ ನೀರು ಸುರಿಯುತ್ತ, “ಸಾಯ್ರಿ, ಮುಂಡೇವ! ನಿಮ್ಮಿಂದ ನನ್ನ ಬಾಯಿ ಹೊಲಸಾತು” ಎಂದು ಬೈದಳು.

ಮುಕ್ತಾ ಕೌದಿಯ ಹೊಲಿಗೆ ಬಿಚ್ಚಿದಳು. ಪದರ ಪದರವಾಗಿ ಇಂದೂಳ ಹಳೆ ಸೀರೆಗಳು ಹೊರಬಂದವು. ಕುಮುದ ಒಂದೊಂದನ್ನೂ ಗುರುತಿಸಿದಳು. “ಇದು ದೀಪಾವಳೀದು. ಇದನ್ನ ಉಟ್ಟಾಗ ಆಯಿ ಚೌಪಾಟಿಗೆ ಸಮುದ್ರ ನೋಡ್ಲಿಕ್ಕೆ ಕರ್ಕೊಂಡ ಹೋಗಿದ್ಲು.” ಎಲ್ಲವೂ ಹಂಡೆಯಲ್ಲಿ ಕುದಿದು, ಕಾದ ಗಚ್ಚಿನ ಮೇಲೆ ಒಣಗಿದವು.

ಮಧ್ಯಾಹ್ನ ಕುಮುದ ಒಂದು ತುಂಡನ್ನು ಮೂಗಿಗೆ ಒತ್ತಿಕೊಂಡಳು. ಇನ್ನೊಂದನ್ನು ತೆಗೆದುಕೊಂಡಳು. “ಆಯೀ ವಾಸನಿ ಹೋತು.”

ಬಿಕ್ಕುವ ಮಗುವನ್ನು ಮುಕ್ತಾ ಎದೆಗೆ ಒರಗಿಸಿಕೊಂಡಳು. ಮೊದಲ ಬಾರಿಗೆ ಕುಮುದ ಕೊಸರಿಕೊಳ್ಳಲಿಲ್ಲ.

ಬಿಕ್ಕು ನಿಂತ ಮೇಲೆ ಮುಕ್ತಾ ಕೇಳಿದಳು, “ನಾ ನಿಮ್ಮ ಆಯೀನ್ನ ನೋಡೇ ಇಲ್ಲ. ಹೆಂಗಿದ್ಲು?”

“ಜಿರಳಿ ಕಂಡ್ರ ಮಂಚ ಹತ್ತತಿದ್ಲು,” ಎಂದಳು ಕುಮುದ. ಹೇಳುತ್ತ ಹೇಳುತ್ತ ನಗು ಬಂತು. ಆಮೇಲೆ ಮಾತು ನಿಲ್ಲಲಿಲ್ಲ.

ದಿಗಂಬರ ಬಂದಾಗ ಇಬ್ಬರೂ ಗಚ್ಚಿನ ಮೇಲೆ ಕೌದಿ ಹೊಲಿಯುತ್ತಿದ್ದರು. ಗೋದಾಕಾಕು ಮೆಟ್ಟಿಲಲ್ಲೇ ಅವನಿಗೆ ಎಲ್ಲ ಹೇಳಿದ್ದಳು. ಅವನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟ.

“ನಾ ಹಂಗ ಕೇಳಬಾರದಿತ್ತು.”

“ಕೇಳಬಾರದಿತ್ತು,” ಎಂದಳು ಮುಕ್ತಾ. ಆದರೂ ಸೂಜಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಮಾವಶಿ,” ಕುಮುದ ಕರೆದಳು, “ಈ ಮೂಲಿ ಹರದದ. ನಿನ್ನ ಸೀರಿ ತುಂಡು ಹಾಕು.”

“ಇದು ನಿಮ್ಮ ಆಯೀ ಕೌದಿ ಅಲ್ಲೇನು?”

“ಹೌದು. ಆದ್ರ ಹರದದಲ್ಲ!”

ಮುಕ್ತಾ ಕೆಳಗೆ ಹೋಗಿ ಹಳೆಯದೊಂದು ಕಂದು ಸೀರೆ ತಂದಳು. ಕುಮುದ ಅದನ್ನು ಮುಟ್ಟಿ ನೋಡಿ ಮೂಗು ಮುರಿದಳು.

“ಇದು ಬ್ಯಾಡ. ಆ ಹಸರದು ತಾ, ನೀ ಬಂದ ದಿನ ಉಟ್ಟಿದ್ದು.”