ಅಳತೆಯಣ್ಣನ ಕೊನೆಯ ಪುಟ

ಅಂಗಿಯ ಮೂರನೆಯ ಗುಂಡಿ ಹಾಕುವಾಗ ಅವಳ ಬೆರಳಿಗೆ ಜೇಬಿನೊಳಗಿನ ಪುಸ್ತಕ ತಾಗಿತು. ನಿನ್ನೆ ಬೆಳಿಗ್ಗೆ ಕೆಲಸಕ್ಕೆಂದು ಗಂಡ ತಾನೇ ಇಸ್ತ್ರಿ ಮಾಡಿ, ಜೇಬು ತುಂಬಿಸಿ, ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದ ಅಂಗಿ ಅದು. ತೊಡುವ ಮೊದಲೇ ಬಚ್ಚಲಿನ ಬಾಗಿಲಲ್ಲಿ ಕುಸಿದಿದ್ದ. ಈಗ ಅವಳು ತೊಡಿಸುತ್ತಿದ್ದಳು. ತಣ್ಣಗಾದ ಕೈ ತೋಳಿನೊಳಗೆ ಹೋಗಲು ಸುಲಭಕ್ಕೆ ಒಪ್ಪಿರಲಿಲ್ಲ. ಬದುಕಿದ್ದಾಗಲೂ ಅವಸರ ಮಾಡಿದರೆ ಹೀಗೆಯೇ ಬಿಗಿಯುತ್ತಿದ್ದ.

ಅಂಗೈಯಗಲದ ಪುಸ್ತಕ. ಸೀಮೆಎಣ್ಣೆಯ ವಾಸನೆ. ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ.

"ಅತ್ತಿಗೆ, ಆಯ್ತಾ?" ಮೈದುನ ಬಾಗಿಲ ಸಂದಿಯಿಂದ ಕೇಳಿದ. "ಕಂಪನಿ ಸಾಹೇಬರು ಬಂದಿದ್ದಾರೆ."

ಹೊರಗಿನ ಕೋಣೆಯಲ್ಲಿ ಎಣ್ಣೆ ಕಂಪನಿಯ ಜನ ಗೋಡೆಗೆ ಆತು ನಿಂತಿದ್ದರು. ಮೂವತ್ತೊಂದು ವರ್ಷ ಅವಳ ಗಂಡ ಅಲ್ಲಿ ಮಾಡಿದ್ದು ಒಂದೇ ಕೆಲಸ. ಬೆಳಗಾದರೆ ದೊಡ್ಡ ಟ್ಯಾಂಕುಗಳ ಮೇಲೆ ಹತ್ತಿ, ಹಿತ್ತಾಳೆಯ ಗುಂಡು ಕಟ್ಟಿದ ಟೇಪನ್ನು ಒಳಗೆ ಇಳಿಬಿಟ್ಟು, ಎಣ್ಣೆ ಎಷ್ಟಿದೆ ಎಂದು ಬರೆದುಕೊಳ್ಳುವುದು. ಅಳತೆಯಣ್ಣ ಎಂಬ ಹೆಸರು ಹಾಗೆ ಅಂಟಿಕೊಂಡಿತ್ತು.

"ಆರೂವರೆಗೆ ಸರಿಯಾಗಿ ಹೋದ ನೋಡು, ಕೆಲಸಕ್ಕೆ ಹೊರಡೋ ಹೊತ್ತಿಗೇ. ಸಾಯೋದರಲ್ಲೂ ಹೊತ್ತು ತಪ್ಪಿಸಲಿಲ್ಲ," ಯಾರೋ ಪಿಸುಗುಟ್ಟಿದರು.

"ಗುಂಡಿ ಎಷ್ಟು ಆಳ ಇದೆ ಅಂತ ಅಳೆದೇ ಮಲಗ್ತಾನೆ ಬಿಡು."

ಅವಳು ಹೊರಬಂದದ್ದು ಕಂಡು ನಗುತ್ತಿದ್ದವರು ಪಕ್ಕಕ್ಕೆ ಸರಿದರು. ಸಾಹೇಬರು ಎದ್ದು ಅವಳ ಹತ್ತಿರ ಬಂದಿದ್ದರು.

"ಧೈರ್ಯ ತಗೋಬೇಕಮ್ಮ. ಪಿಂಚಣಿ ಕಾಗದ ಎಲ್ಲ ನಾನೇ ಮುಂದೆ ನಿಂತು ಮಾಡಿಸ್ತೀನಿ." ದನಿ ತಗ್ಗಿತು. "ಅವರ ಹತ್ರ ಆಫೀಸಿನ ಒಂದೆರಡು ಸಾಮಾನು ಇರಬೇಕು. ಟೇಪು, ಒಂದು ಸಣ್ಣ ಪುಸ್ತಕ. ಅವಸರ ಏನಿಲ್ಲ. ಸಂಜೆ ಐದಕ್ಕೆ ಬರ್ತೀನಿ."

ಅವಸರವಿಲ್ಲ ಎಂದವರು ಹೊತ್ತನ್ನೂ ಹೇಳಿದ್ದು ಅವಳ ಎದೆಗೆ ತಣ್ಣಗೆ ನಾಟಿತು.

*

ಹೋದ ಚಳಿಗಾಲದ ಒಂದು ದಿನ ಊಟದ ತಟ್ಟೆಯ ಮುಂದೆ ಅವನು ಕೈ ಅಲ್ಲಾಡಿಸದೆ ಕೂತಿದ್ದ.

"ಮೂರನೇ ಟ್ಯಾಂಕಿನಲ್ಲಿ ದಿನಾ ಒಂದು ಕೂದಲೆಳೆ ಕಡಿಮೆ ಬರ್ತಿದೆ."

"ಹೇಳಿ ಮತ್ತೆ, ಮೇಲಿನವರಿಗೆ."

"ಹೇಳಿದೆ. ಚಳಿಗೆ ಎಣ್ಣೆ ಕುಗ್ಗುತ್ತೆ, ಹಾಗಂತ ಬರಿ ಅಂದ್ರು."

"ಕುಗ್ಗುತ್ತಾ?"

"ಕುಗ್ಗುತ್ತೆ." ಲೋಟ ಎತ್ತಿದವನು ಕುಡಿಯದೆ ಇಳಿಸಿದ. "ಇಷ್ಟು ಕುಗ್ಗಲ್ಲ."

ಆದರೂ ಬರೆದ. ಕಂಪನಿಯ ದೊಡ್ಡ ಪುಸ್ತಕದಲ್ಲಿ ಅವರು ಹೇಳಿದ್ದನ್ನು, ಜೇಬಿನ ಪುಸ್ತಕದಲ್ಲಿ ತಾನು ಕಂಡಿದ್ದನ್ನು. ಬೇಸಿಗೆ ಬಂತು. ಕಾಲಿಟ್ಟರೆ ಸುಡುವ ಬಿಸಿಲಿನಲ್ಲೂ ದೊಡ್ಡ ಪುಸ್ತಕದಲ್ಲಿ ಅವನ ಕೈ 'ಚಳಿಗೆ ಕುಗ್ಗಿದೆ' ಎಂದೇ ಬರೆಯುತ್ತಿತ್ತು. ಯಾರೂ ಓದುತ್ತಿರಲಿಲ್ಲವೋ, ಓದಿಯೂ ಸುಮ್ಮನಿದ್ದರೋ. ಅವನೇ ಅದನ್ನು ಹೇಳಿ ಒಮ್ಮೆ ನಕ್ಕಿದ್ದ.

ಅದೇ ಬೇಸಿಗೆಯಲ್ಲಿ ಹಿತ್ತಲ ಬಾವಿಗೆ ತಗಡು ಮುಚ್ಚಿ ಕಲ್ಲು ಹೇರಿದ. ಒಳಗೋಡೆ ಕುಸಿದಿದೆ, ಹತ್ತಿರ ಹೋಗಬೇಡ ಎಂದ. ಕುಡಿಯುವ ನೀರನ್ನು ಆಫೀಸಿನಿಂದ ಕ್ಯಾನಿನಲ್ಲಿ ತರತೊಡಗಿದ. ನನ್ನ ಬೆನ್ನುನೋವು ನೋಡಿ ತರುತ್ತಿದ್ದಾರೆ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು.

ಕಳೆದ ತಿಂಗಳು ಕಂಪನಿಯ ಕಾಂಪೌಂಡಿನಾಚೆಯ ಚರಂಡಿಯಲ್ಲಿ ಕಪ್ಪು ಎಣ್ಣೆ ಹರಿಯಿತು. ಪೇಪರಿನವರು ಬಂದರು. ಮೊನ್ನೆ ಮೊನ್ನೆ ಆದ ಸೋರಿಕೆ, ನಲವತ್ತು ಪೀಪಾಯಿ ಅಷ್ಟೇ ಎಂದಿತು ಕಂಪನಿ. ಬಿದ್ದ ಷೇರು ವಾರದಲ್ಲಿ ಎದ್ದು ಕೂತಿತು. ಅವನು ಮಾತ್ರ ಬಾಗಿಲು ಸದ್ದಾದರೆ ಬೆಚ್ಚಿ ಬೀಳುತ್ತಿದ್ದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ನಾಲ್ಕಾಗಿತ್ತು. ಮೈದುನ ಚಪ್ಪಲಿ ಬಿಡುತ್ತಲೇ ಹತ್ತಿರ ಬಂದ. ಅವನೂ ಅದೇ ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದು ಅಣ್ಣನಿಗಿಂತ ಮೊದಲೇ ಸ್ವಯಂನಿವೃತ್ತಿ ಪಡೆದವನು.

"ಪುಸ್ತಕ ಸಿಕ್ತಾ?"

"ಹುಡುಕಬೇಕು," ಎಂದಳು. ಸೊಂಟದಲ್ಲಿ ಅದು ಕೆಂಡದಂತೆ ಕೂತಿತ್ತು.

"ಸಿಕ್ಕಿದ್ರೆ ಓದೋಕೂ ಹೋಗ್ಬೇಡಿ, ಕೊಟ್ಬಿಡಿ. ಸೋಮವಾರ ಸೋರಿಕೆ ಲೆಕ್ಕ ನೋಡೋಕೆ ವಿಮೆಯವರು ಬರ್ತಾರೆ. ಮೊದಲೇ ಗೊತ್ತಿದ್ದೂ ಮುಚ್ಚಿಟ್ಟಿದ್ರು ಅಂತಾದ್ರೆ ಒಂದು ಕಾಸೂ ಬಿಚ್ಚಲ್ಲ. ವಿಮೆ ಕೈಬಿಟ್ರೆ ಬ್ಯಾಂಕಿನವರು ಸಾಲ ವಾಪಸ್ ಕೊಡಿ ಅಂತ ಕೂರ್ತಾರೆ. ಆಮೇಲೆ ಕಂಪನಿಗೆ ಬೀಗ. ನಮ್ಮ ಪಿಂಚಣಿ ದುಡ್ಡೆಲ್ಲ ಅದೇ ಕಂಪನಿ ಷೇರಲ್ಲಿದೆ ಅತ್ತಿಗೆ. ನಾನೂ ಬೀದಿಗೆ, ನೀವೂ ಬೀದಿಗೆ. ಮೇಲಾಗಿ, ಸುಳ್ಳು ಬರೆದಿದ್ದು ಯಾರ ಕೈ? ನಮ್ಮಣ್ಣಂದು."

ಅವಳು ತಲೆಯಾಡಿಸಿದಳು. ಕೊಟ್ಟುಬಿಡುವುದೇ ಸರಿ ಎನಿಸಿತು. ಸತ್ತವನನ್ನು ಮತ್ತೆ ಎಬ್ಬಿಸಿ ಕಟಕಟೆಗೆ ನಿಲ್ಲಿಸುವುದು ಯಾವ ಹೆಂಡತಿಯಿಂದ ಆದೀತು?

ಅಡುಗೆಮನೆಯಲ್ಲಿ ಕೆಳಬೀದಿಯ ಟೈಲರಮ್ಮ ಲೋಟ ತೊಳೆಯುತ್ತಿದ್ದಳು. ಯಾರೂ ಹೇಳದೆ ಬೆಳಗಿನಿಂದ ದುಡಿಯುತ್ತಿದ್ದವಳು ಅವಳೊಬ್ಬಳೇ.

"ಅಕ್ಕಾ, ಇವತ್ತು ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮ ಬಾವಿ ನೀರು ಚೆನ್ನಾಗಿದ್ಯಾ? ನಮ್ಮದು ಎರಡು ವಾರದಿಂದ ವಾಸನೆ. ಮೊಮ್ಮಗಳ ಮೈಯೆಲ್ಲ ಗುಳ್ಳೆ ಎದ್ದಿದೆ."

"ಅವರನ್ನ ಕೇಳಬೇಕಿತ್ತು ನೀನು."

"ಕೇಳಿದ್ದೆ ಕಣಕ್ಕಾ. ಹೋದ ವಾರಾನೇ. ಅಳತೆಯಣ್ಣ ನನ್ನ ಮುಖಾನೂ ನೋಡಲಿಲ್ಲ. ಕುದಿಸಿ ಕುಡೀರಿ ಅಂದ್ರು."

ಅವಳು ಹಿತ್ತಲಿಗೆ ನಡೆದಳು.

ಮುಚ್ಚಿದ ಬಾವಿಯ ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದಳು. ಪುಟ ಪುಟವೂ ಟ್ಯಾಂಕಿನ ಅಂಕಿಗಳು. ಕೊನೆಯ ಪುಟಕ್ಕೆ ಮಾತ್ರ ಬೇರೆ ತಲೆಬರಹ: 'ಮನೆ ಬಾವಿ. ನೀರ ಮೇಲೆ ಎಣ್ಣೆ.' ಅದರ ಕೆಳಗೆ ತಾರೀಖುಗಳು. ಮೊದಲು ಒಂದು ಬೆರಳಗಲದ ಕಾಲು ಭಾಗ. ಆಮೇಲೆ ಅರ್ಧ. ಆಮೇಲೆ ಒಂದು. ಹೋದ ತಿಂಗಳು ಒಂದೂವರೆ.

ಒಳಗೋಡೆ ಕುಸಿದಿರಲಿಲ್ಲ.

ಬೆಳಗಿನ ಜಾವ ಹಿತ್ತಲಲ್ಲಿ ತಗಡು ಸರಿಯುವ ಸದ್ದಾದಾಗ ಬೆಕ್ಕಿರಬೇಕೆಂದು ಮಗ್ಗುಲಾಗುತ್ತಿದ್ದಳು. ಕ್ಯಾನಿನ ನೀರು ತಂದು ಹೆಂಡತಿಯನ್ನು ಉಳಿಸಿಕೊಂಡಿದ್ದ. ಕೆಳಬೀದಿಗೆ ಕುದಿಸಿ ಕುಡೀರಿ ಎಂದಿದ್ದ. ಕಂಪನಿ ಮೇಲೆ, ಈ ಮನೆ ನಡುವೆ, ಕೆಳಬೀದಿ ಕೆಳಗೆ. ನೆಲದೊಳಗೆ ಅದು ಯಾವ ಕಡೆ ನಡೆಯುತ್ತಿದೆ ಎಂದು ಅಳತೆ ಬಲ್ಲವನಿಗೆ ಗೊತ್ತಿಲ್ಲದೆ ಇದ್ದೀತೇ? ಮೂವತ್ತೊಂದು ವರ್ಷ ಪಕ್ಕದಲ್ಲಿ ಮಲಗಿದವನು ಎಂಥ ಭಯವನ್ನು ಅಪ್ಪಿಕೊಂಡು ಮಲಗುತ್ತಿದ್ದ! ಅದು ಈಗ ಸದ್ದಿಲ್ಲದೆ ಅವಳ ಮೈಗೆ ಬಂದು ಕೂತಿತು.

ಅವನ ಚೀಲದಿಂದ ಟೇಪು ತಂದಳು. ಜೊತೆಗೆ ಲೇಪದ ಡಬ್ಬಿ. ಟ್ಯಾಂಕಿನ ತಳದಲ್ಲಿ ನೀರು ನಿಂತಿದೆಯೇ ಎಂದು ನೋಡಲು ಹಚ್ಚುವ ಲೇಪ ಅದು. ನೀರು ತಾಗಿದಷ್ಟು ಕೆಂಪಾಗುತ್ತದೆ, ಎಣ್ಣೆಗೆ ಬಣ್ಣ ತಿರುಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಅದನ್ನು ಜಾದೂವಿನಂತೆ ತೋರಿಸಿ ಅವಳನ್ನು ನಗಿಸಿದ್ದ. ಈಗ ಹಳದಿ ಲೇಪವನ್ನು ಉದ್ದಕ್ಕೂ ಸವರಿ, ಕಲ್ಲು ಇಳಿಸಿ, ತಗಡು ಸರಿಸಿದಳು. ವಾಸನೆ ಮುಖಕ್ಕೆ ಬಡಿಯಿತು. ಗುಂಡು ಇಳಿಯಿತು, ಮುಳುಗಿತು. ಎತ್ತಿದಳು. ಒಂದು ಸಲ ಬೆರಳಿಟ್ಟು ನೋಡಿದಳು. ನಂಬದೆ ಮತ್ತೊಂದು ಸಲ ನೋಡಿದಳು.

"ಅತ್ತಿಗೆ, ಸಾಹೇಬರು ಬಂದ್ರು!"

ಪುಸ್ತಕದ ಬೆನ್ನಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅವನ ಕೊನೆಯ ಸಾಲಿನ ಕೆಳಗೆ ಇವತ್ತಿನ ತಾರೀಖು ಹಾಕಿ ಬರೆದಳು: ಎರಡು ಬೆರಳು. ಅಂಕಿಯ ಪಕ್ಕ ಅವಳ ಹೆಬ್ಬೆಟ್ಟಿನ ಕಪ್ಪು ಗುರುತು ಬಿತ್ತು.

ಅವಳು ಟೇಪು, ಪುಸ್ತಕ ಹಿಡಿದು ಒಳಗೆ ಬಂದಳು. ಸಾಹೇಬರು ಎದ್ದು ನಿಂತು ಕೈ ಚಾಚಿದರು. "ಕೊಡಿಮ್ಮಾ."

"ಅತ್ತಿಗೆ," ಎಂದ ಮೈದುನ. ಆ ಒಂದು ಪದದಲ್ಲೇ ಅವನ ಮುಪ್ಪಿನ ದಿನಗಳೆಲ್ಲ ಕೈಜೋಡಿಸಿ ನಿಂತಿದ್ದವು.

ಅವಳು ಅವರಿಬ್ಬರನ್ನೂ ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ, ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ ಟೈಲರಮ್ಮನ ಕಣ್ಣ ಮುಂದೆ ಟೇಪನ್ನು ಹಿಡಿದಳು. ಹಿತ್ತಾಳೆಯ ಗುಂಡು ಅತ್ತಿತ್ತ ತೂಗುತ್ತಿತ್ತು. ಕೆಳಗೆಲ್ಲ ಕೆಂಪು. ಅದರ ಮೇಲೆ, ಕಪ್ಪಗೆ ಜಿನುಗುತ್ತ, ಎರಡು ಬೆರಳಿನಷ್ಟು ಕೆಂಪಾಗದೆ ಉಳಿದ ಜಾಗ.